ಸ್ವಿಸ್ ವಾಚಿನವರು ಅಮೆರಿಕದ ವಾಲ್ಥಮ್ ಕಂಪನಿ ನೋಡಿ ಕಲಿತರಂತೆ, ನಿಜಾನಾ?

ಹೌದು, ನಿಜ. ವಾಚಿನ ಪಾರ್ಟ್ಸನ್ನ ಮೆಷಿನ್‌ನಲ್ಲಿ ಒಂದೇ ಅಳತೆಗೆ ಮಾಡೋದನ್ನ ದೊಡ್ಡ ಮಟ್ಟದಲ್ಲಿ ಮೊದಲು ಗೆದ್ದು ತೋರಿಸಿದ್ದು ವಾಲ್ಥಮ್ಮೇ.

ಅದಕ್ಕೂ ಮುಂಚೆ ಸ್ವಿಟ್ಜರ್ಲೆಂಡಲ್ಲಿ ಒಂದೊಂದು ಪಾರ್ಟ್ ಒಂದೊಂದು ಮನೇಲಿ ತಯಾರಾಗ್ತಿತ್ತು, ಆಮೇಲೆ ಕುಶಲಕರ್ಮಿ ಕೂತು ಅರದಿಂದ ಉಜ್ಜಿ ಉಜ್ಜಿ ಆ ಒಂದು ವಾಚಿಗೆ ಮಾತ್ರ ಕೂರೋ ಹಾಗೆ ಮಾಡ್ತಿದ್ದ, ಅದೇ ಚಕ್ರ ಇನ್ನೊಂದು ವಾಚಿಗೆ ಹಾಕಿದ್ರೆ ಕೂರ್ತಿರ್ಲಿಲ್ಲ. ಏರನ್ ಡೆನಿಸನ್ ಅನ್ನೋನು ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನ ಬಂದೂಕು ಕಾರ್ಖಾನೇಲಿ ಒಂದೇ ಅಳತೆಗೆ ಪಾರ್ಟ್ಸ್ ಮಾಡೋ ಪದ್ಧತಿ ನೋಡಿ ವಾಚಿಗೂ ಇದೇ ಮಾಡಬಹುದಲ್ಲ ಅಂತ 1850ರಲ್ಲಿ ಪಾರ್ಟ್ನರ್ಸ್ ಜೊತೆ ಮುಂದೆ ವಾಲ್ಥಮ್ ಆದ ಕಂಪನೀನ ಶುರು ಮಾಡಿದ. ಐಡಿಯಾ ಚೆನ್ನಾಗಿತ್ತು, ಆದ್ರೆ ಮೆಷಿನ್ ಮಾಡೋಕೇ ದುಡ್ಡೆಲ್ಲ ಹೋಗಿ 1857ರಲ್ಲಿ ಕಂಪನಿ ಹರಾಜಾಯ್ತು! ಕೊಂಡವನು ರಾಯಲ್ ರಾಬಿನ್ಸ್, ನಿಜವಾದ ವ್ಯಾಪಾರಸ್ಥ. ಅಮೆರಿಕದ ಅಂತರ್ಯುದ್ಧದ ಟೈಮಲ್ಲಿ ಸೈನಿಕರಿಗೆ ಅಂತ ವಿಲಿಯಂ ಎಲರಿ ಅನ್ನೋ ಕಡಿಮೆ ಬೆಲೆ ವಾಚನ್ನ ಮಾರ್ಕೆಟ್ಟಿಗೆ ಬಿಟ್ಟು ಕಂಪನೀನ ಉಳಿಸಿದ (ಲಿಂಕನ್ ಹತ್ರನೂ ಅದೇ ಮಾಡೆಲ್ ಒಂದಿತ್ತು).

1876ರ ಫಿಲಡೆಲ್ಫಿಯಾ ಎಕ್ಸಿಬಿಷನ್‌ನಲ್ಲಿ ವಾಲ್ಥಮ್‌ನವರ ಸ್ಕ್ರೂ ಮಾಡೋ ಆಟೋಮ್ಯಾಟಿಕ್ ಮೆಷಿನ್ ನೋಡಿ ಸ್ವಿಸ್‌ನವರು ದಂಗಾದ್ರು. ಸ್ವಿಸ್ ವಾಚ್ ಕಂಪನಿ ಲಾಂಜಿನ್ಸ್‌ನ ಜಾಕ್ ಡೇವಿಡ್ ಅಮೆರಿಕದ ವಾಚ್ ಕಾರ್ಖಾನೆಗಳನ್ನ ನೋಡ್ಕೊಂಡು ಹೋಗಿ, ನಾವೂ ಬದಲಾಗದಿದ್ರೆ ಕಷ್ಟ ಅಂತ ದೊಡ್ಡ ರಿಪೋರ್ಟ್ ಬರೆದ, ಆಮೇಲೆ ಸ್ವಿಸ್‌ನವರೂ ಮೆಷಿನ್ ತಂದ್ರು.

ಮುಂದೆ ಎರಡನೇ ಮಹಾಯುದ್ಧದಲ್ಲಿ ವಾಲ್ಥಮ್ ಮಿಲಿಟರಿ ಕೆಲಸಕ್ಕೆ ತಿರುಗಿದಾಗ ಅಮೆರಿಕದ ಕೈಗಡಿಯಾರ ಮಾರ್ಕೆಟ್ಟಲ್ಲಿ ಸ್ವಿಸ್‌ನವರು ಇನ್ನೂ ಗಟ್ಟಿಯಾಗಿ ಕೂತ್ರು, 1957ಕ್ಕೆ ವಾಲ್ಥಮ್ ಕಾರ್ಖಾನೇಲಿ ವಾಚ್ ಮಾಡೋದೇ ನಿಂತೋಯ್ತು.