ಮನೆಗೆ ಬರುವ ಆರೈಕೆ: ಮೊದಲು ಹಿಮ್ಮಡಿ ನೋಡಿ, ಆಮೇಲೆ ರಿಜಿಸ್ಟರ್

ಕಲಬುರಗಿ ಸೇಡಂ ರಸ್ತೆಯ ಓದುಗರ ಪತ್ರ: “ಅವ್ವಗ ಲಕ್ವಾ ಹೊಡದು ಹಾಸಿಗಿ ಹಿಡದಾಳ. ಊಟ ಮೂಗಿನ ನಳಿಗೆಯಿಂದ, ದಿನಕ್ಕ ಎರಡು ಸಲ ಇನ್ಸುಲಿನ್. ನನ್ನ ನೌಕರಿ ಪುಣೆದಾಗ. ಏಜೆನ್ಸಿಯವರು 24 ತಾಸಿಗೆ ಒಬ್ಬ ಹೆಣ್ಣಮಗಳನ್ನ ಕಳಿಸ್ಯಾರ. ಸೇವಾ ಚಲೋ ಅದನೋ ಇಲ್ಲೋ ಹ್ಯಾಂಗ ತಿಳೀಬೇಕು?”

ಸಂಪಾದಕರ ಉತ್ತರ: ಈ ಸಲ ಊರಿಗೆ ಬಂದಾಗ ಮೊದಲು ತಾಯಿಯವರ ಹಿಮ್ಮಡಿ ಮತ್ತು ಬೆನ್ನೆಲುಬು ಮುಗಿಯುವ ಜಾಗ ನೋಡಿ. ಏಜೆನ್ಸಿಯ ಮಾತಿಗಿಂತ ಅವು ಹೆಚ್ಚು ಹೇಳುತ್ತವೆ. ಕೆಂಪು ಕಲೆಯನ್ನು ಬೆರಳಿನಿಂದ ಒತ್ತಿದಾಗಲೂ ಬಣ್ಣ ಮಾಸದಿದ್ದರೆ ಹಾಸಿಗೆ ಹುಣ್ಣು ಶುರುವಾಗಿದೆ ಎಂದರ್ಥ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಎದ್ದು ಕಾಣುವುದಿಲ್ಲ; ಸುತ್ತಲಿನ ಚರ್ಮಕ್ಕಿಂತ ಬಿಸಿಯೋ ಗಡಸೋ ಎಂದು ಮುಟ್ಟಿ ನೋಡಬೇಕು. ಅಂಥ ಜಾಗವನ್ನು ಎಣ್ಣೆ ಹಚ್ಚಿ ತಿಕ್ಕುವ ರೂಢಿ ಇದೆ, ದಯವಿಟ್ಟು ನಿಲ್ಲಿಸಿ; ಒಳಗೆ ನೊಂದ ಮಾಂಸ ಇನ್ನಷ್ಟು ಕೆಡುತ್ತದೆ. ಬೇಕಾದ್ದು ಸುಮಾರು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವುದು. ಪೂರ್ತಿ ಪಕ್ಕಕ್ಕಲ್ಲ, 30 ಡಿಗ್ರಿಯಷ್ಟು ಓರೆಯಾಗಿ. ಮೀನಖಂಡದ ಕೆಳಗೆ ದಿಂಬಿಟ್ಟು, ಹಿಮ್ಮಡಿ ಹಾಸಿಗೆಗೆ ತಾಗದಂತೆ. ಏರ್ ಬೆಡ್ ಇದ್ದರೂ ಇದು ತಪ್ಪುವುದಿಲ್ಲ. ಕರೆಂಟ್ ಹೋದರೆ ಅದರ ಪಂಪು ನಿಲ್ಲುತ್ತದೆ, ಇನ್ವರ್ಟರ್ ಲೈನಿಗೆ ಹಾಕಿಸಿ.

ಹಾಗಾದರೆ ರಾತ್ರಿ ಮಗ್ಗುಲು ಬದಲಿಸುವವರು ಯಾರು? 24 ತಾಸಿಗೆ ಒಬ್ಬರೇ ಎಂಬ ಏರ್ಪಾಡು ಮುರಿಯುವುದು ಇಲ್ಲಿಯೇ. ಹಗಲೆಲ್ಲ ದುಡಿದ ಹೆಣ್ಣುಮಗಳು ರಾತ್ರಿ ನಿದ್ದೆ ಮಾಡಲೇಬೇಕು, ಅದು ಆಕೆಯ ತಪ್ಪಲ್ಲ. 12 ತಾಸಿನ ಎರಡು ಪಾಳಿ ಕೇಳಿ, ಇಲ್ಲವೇ ರಾತ್ರಿಯ ಸರದಿ ಮನೆಯವರೊಬ್ಬರು ಹೊರಬೇಕು.

ಮಗ್ಗುಲು ಬದಲಿಸಿದ, ಫೀಡ್ (ನಳಿಗೆಯ ಊಟ) ಹಾಕಿದ ಹೊತ್ತನ್ನು ಆಕೆ ಬರೆದಿಡುವ ರಿಜಿಸ್ಟರ್ ತೆರೆದು ನೋಡಿ. 10, 12, 2, 4 ಎಂದು ಗಡಿಯಾರದಂತೆ, ಒಂದೇ ಪೆನ್ನಿನಲ್ಲಿ ಒಂದೇ ಬೀಸಿಗೆ ಬರೆದ ಪುಟ ಸಂಜೆ ಕೂತು ತುಂಬಿಸಿದ್ದಿರಬಹುದು. ನಿಜವಾದ ಪುಟದಲ್ಲಿ 10.20 ಇರುತ್ತದೆ, 12.05 ಇರುತ್ತದೆ, ‘ವಾಂತಿ ಆತು, ಫೀಡ್ ನಿಲ್ಲಿಸೀನಿ’ ಎಂಬ ಸಾಲೂ ಇರುತ್ತದೆ. ಹೊತ್ತು ಹೊತ್ತಿಗೆ ಆ ಪುಟದ ಫೋಟೋ ವಾಟ್ಸಾಪ್‌ಗೆ ತರಿಸಿಕೊಳ್ಳಿ.

ಕಳಿಸಿದವರು ನರ್ಸೋ, ಕೇರ್‌ಟೇಕರೋ? ಸ್ನಾನ, ಡೈಪರ್, ಮಗ್ಗುಲು ಬದಲಿಸುವುದು ಕೇರ್‌ಟೇಕರ್ ಕೆಲಸ. ನಳಿಗೆ ಹಾಕುವುದು, ಬದಲಿಸುವುದು ನರ್ಸ್ ಕೆಲಸ. ಅವರ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್ ನೋಂದಣಿ ಸಂಖ್ಯೆ ಕೇಳಿ ಪಡೆಯಿರಿ. ವಾರಕ್ಕೊಮ್ಮೆಯಾದರೂ ನರ್ಸ್ ಬಂದು ನೋಡುವುದು ಕರಾರಿನಲ್ಲಿ ಬರಹದಲ್ಲಿರಲಿ.

ಒಂದು ಫೀಡ್ ಪೂರ್ತಿ ಪಕ್ಕದಲ್ಲಿ ನಿಂತು ನೋಡಿ. ತಲೆಭಾಗ 30ರಿಂದ 45 ಡಿಗ್ರಿ ಎತ್ತಿರಬೇಕು, ಮುಗಿದ ಮೇಲೂ ಅರ್ಧದಿಂದ ಒಂದು ತಾಸು ಹಾಗೆಯೇ ಇರಬೇಕು. ಶುರು ಮಾಡುವ ಮುಂಚೆ ಮೂಗಿನ ಬಳಿ ನಳಿಗೆಯ ಗುರುತು ಸರಿದಿದೆಯೇ ಎಂದು ಆಕೆ ನೋಡುತ್ತಾಳೆಯೇ? ಸರಿದಿದ್ದರೆ ಒಂದು ಹನಿಯೂ ಹಾಕಬಾರದು, ನರ್ಸ್ ಬರಲೇಬೇಕು. ತುದಿ ಶ್ವಾಸನಾಳದಲ್ಲಿದ್ದರೆ ಆಹಾರ ಪುಪ್ಪುಸಕ್ಕೆ ಇಳಿಯುತ್ತದೆ. ಫೀಡ್‌ಗೆ ಮುಂಚೆ ಮತ್ತು ಆಮೇಲೆ ಸುಮಾರು 30 ಮಿ.ಲೀ. ನೀರು ಹಾಯಿಸಬೇಕು. ಸೋಸದ ಜೋಳದ ಅಂಬಲಿ, ಸರಿಯಾಗಿ ಅರೆಯದ ಗುಳಿಗೆ ನಳಿಗೆ ಕಟ್ಟಿಸುತ್ತವೆ. ನಿಧಾನವಾಗಿ ಕರಗುವಂಥ ಗುಳಿಗೆಗಳನ್ನು ಪುಡಿ ಮಾಡಲೇಬಾರದು. ಬದಲಿ ಔಷಧಿ ವೈದ್ಯರಿಂದ ಬರೆಸಿಕೊಳ್ಳಿ.

ಆಕೆಗೆ ಒಂದು ಪ್ರಶ್ನೆ ಕೇಳಿ: “ಇನ್ಸುಲಿನ್ ಕೊಟ್ಟಾದ ಮೇಲೆ ಅವ್ವ ಫೀಡ್ ವಾಂತಿ ಮಾಡಿಕೊಂಡರೆ ಏನು ಮಾಡ್ತೀರಿ?” ‘ಗ್ಲುಕೋಮೀಟರ್‌ನಿಂದ ಸಕ್ಕರೆ ನೋಡ್ತೀನಿ, ನರ್ಸ್‌ಗೆ ಫೋನ್ ಹಚ್ತೀನಿ’ ಎಂದರೆ ನೆಮ್ಮದಿ. ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಅಪಾಯ. ಆಗ ಏನು ಮಾಡಬೇಕೆಂದು ವೈದ್ಯರಿಂದ ಮೊದಲೇ ಬರೆಸಿ ಗೋಡೆಗೆ ಅಂಟಿಸಿ, ಪ್ರಜ್ಞೆ ತಪ್ಪಿದರೆ 108. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ, ಇನ್ಸುಲಿನ್ ಕಪಾಟಿನಲ್ಲಿ ಉಳಿಯಬಾರದು, ಫ್ರಿಜ್‌ನಲ್ಲಿರಲಿ, ಫ್ರೀಜರ್‌ನಲ್ಲಲ್ಲ.

ಶರಣಬಸವೇಶ್ವರ ಜಾತ್ರೆಗೆ ಆಕೆ ರಜೆ ಹಾಕಿದರೆ ಬದಲಿ ಯಾರು ಎಂಬುದನ್ನೂ ಈಗಲೇ ಕೇಳಿ. ಹೊಸಬರು ಹಳಬರ ಜೊತೆ ಒಂದು ದಿನವಾದರೂ ಇದ್ದು ಕೆಲಸ ನೋಡಲಿ. ಏಜೆನ್ಸಿ ದೂರಿಗೆ ಕಿವಿಗೊಡದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ, ಹಿರಿಯರ ಸಹಾಯವಾಣಿ 14567 ಇದೆ. ಇವೆರಡನ್ನೂ ಪಕ್ಕದ ಮನೆಯವರ ಫೋನಿನಲ್ಲೂ ಉಳಿಸಿ, ಹೇಳದೆ ಕೇಳದೆ ಮಧ್ಯಾಹ್ನ ಮೂರರ ಹೊತ್ತಿಗೆ ಒಮ್ಮೆ ಹೋಗಿ ಬರಲು ಅವರಿಗೆ ಹೇಳಿ.