ಮಳೆಗಾಲದ ಮನೆಗೆ ವೈಫೈ ಬ್ಯಾಕಪ್: ಓದುಗರ ಪ್ರಶ್ನೆ, ತಜ್ಞರ ಉತ್ತರ

ಏಪ್ರಿಲ್ ಕೊನೆಗೆ ಮೊದಲ ಗುಡುಗು ಕೇಳಿಸಿತೆಂದರೆ ನನಗೆ ಬರುವ ಪತ್ರಗಳ ಧಾಟಿಯೇ ಬದಲಾಗುತ್ತದೆ. ಅಲ್ಲಿವರೆಗೆ ‘ಯಾವ ಲ್ಯಾಪ್‌ಟಾಪ್ ತಗೊಳ್ಳಲಿ’ ಎನ್ನುತ್ತಿದ್ದವರು ‘ಫೋಟೋ ಎಲ್ಲಾ ಎಲ್ಲಿಡಲಿ’ ಎಂದು ಕೇಳತೊಡಗುತ್ತಾರೆ. ಈ ಸಲ ಘಟ್ಟದ ಮೇಲಿನಿಂದಲೂ ಕೆಳಗಿನಿಂದಲೂ ಬಂದ ನಾಲ್ಕು ಪ್ರಶ್ನೆಗಳನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದವಾಗಿದೆ. ಅದರಲ್ಲಿ ಬಹಳ ಜನರ ಮನೆಯ ಕಥೆಯೇ ಇದೆ.

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಹಳ್ಳಿ, ಹಳೇ ಚಿರೇಕಲ್ಲಿನ ಮನೆ. ಮೆತ್ತಿನ ಮೇಲೆ ಡೆಸ್ಕ್‌ಟಾಪ್, ಕೆಳಗೆ ಎರಡು ಲ್ಯಾಪ್‌ಟಾಪ್ ಇವೆ. ಅಪ್ಪ ಹೇಳಿದ ತಾಳಮದ್ದಳೆ ಅರ್ಥದ ರೆಕಾರ್ಡಿಂಗ್, ಮನೆಯ ಫೋಟೋ, ವಿಡಿಯೋ ಎಲ್ಲಾ ಸೇರಿ 600 ಜಿಬಿ ಆಗಿದೆ. ಫೈಬರ್ ನೆಟ್ ಬಂದಾಗ ಕೊಟ್ಟ ರೌಟರಿನ ಯುಎಸ್‌ಬಿ ಕಿಂಡಿಗೆ ಹಾರ್ಡ್ ಡಿಸ್ಕ್ ಸಿಕ್ಕಿಸಿ ವೈಫೈ ಮೇಲೆ ಬ್ಯಾಕಪ್ ಹಾಕಿದೆ. ಒಂದು ರಾತ್ರಿ ಕಳೆದರೂ ಕಾಲು ಭಾಗ ಮುಗಿದಿರಲಿಲ್ಲ. ಹೊಸ ಲ್ಯಾಪ್‌ಟಾಪಿಗೆ ಆ ಡಿಸ್ಕ್ ಕಾಣಿಸುವುದೇ ಇಲ್ಲ. ಇದನ್ನು ಬಿಟ್ಟು ನಾಸ್ (ನೆಟ್‌ವರ್ಕಿಗೆ ಸೇರಿಸುವ ಡಿಸ್ಕಿನ) ಪೆಟ್ಟಿಗೆ ಕೊಳ್ಳಬೇಕಾ?

ಕೊಳ್ಳುವ ಮಾತು ಆಮೇಲೆ. ನೀವು ಹಿಡಿದ ದಾರಿ ತಪ್ಪಲ್ಲ, ಶುರು ಮಾಡಿದ ಕ್ರಮ ಮಾತ್ರ ತಪ್ಪು.

ಲೆಕ್ಕ ನೋಡಿ. ರೌಟರ್ ಕೆಳಗೆ ಜಗಲಿಯಲ್ಲಿ, ಕಂಪ್ಯೂಟರ್ ಮೆತ್ತಿನ ಮೇಲೆ, ನಡುವೆ ದಪ್ಪ ಗೋಡೆ. ಇಂಥ ಕಡೆ 2.4 ಗಿಗಾಹರ್ಟ್ಸ್ ವೈಫೈನಲ್ಲಿ ಸೆಕೆಂಡಿಗೆ 4 ಎಂಬಿ ಸಾಗಿದರೂ ಪುಣ್ಯ. ಆ ವೇಗದಲ್ಲಿ 600 ಜಿಬಿ ಮುಗಿಯಲು ಸುಮಾರು 42 ಗಂಟೆ ಬೇಕು. ಅದರ ಮಧ್ಯೆ ಕರೆಂಟ್ ಎಷ್ಟು ಸಲ ಹೋಗುತ್ತದೆ ಅಂತ ನಿಮಗೇ ಗೊತ್ತು. ಅದೇ ಡಿಸ್ಕನ್ನು ಬಿಚ್ಚಿ ತಂದು ಡೆಸ್ಕ್‌ಟಾಪಿನ ನೀಲಿ ಯುಎಸ್‌ಬಿ 3 ಕಿಂಡಿಗೆ ಹಾಕಿದರೆ ಸೆಕೆಂಡಿಗೆ 100 ಎಂಬಿ ಹತ್ತಿರ ಬರುತ್ತದೆ. ದೊಡ್ಡ ವಿಡಿಯೋ ಫೈಲುಗಳಾದರೆ ಎರಡು ಗಂಟೆಯೊಳಗೆ ಕೆಲಸ ಮುಗಿಯುತ್ತದೆ. ಸಣ್ಣ ಫೋಟೋಗಳು ಜಾಸ್ತಿ ಇದ್ದರೆ ಇನ್ನಷ್ಟು ಹೊತ್ತು ಹಿಡಿಯಬಹುದು.

ಹಾಗಾಗಿ ಮೊದಲ ಪ್ರತಿಯನ್ನು ಯಾವಾಗಲೂ ಕೇಬಲ್ ಮೇಲೆ ತೆಗೆಯಿರಿ. ಆಮೇಲೆ ದಿನಾ ಸೇರುವ ಒಂದೆರಡು ಜಿಬಿಯನ್ನು ವೈಫೈಗೆ ಬಿಡಿ. 2 ಜಿಬಿಗೆ ಅದೇ ನಿಧಾನದ ವೈಫೈ ಸಾಕು, ಎಂಟೊಂಬತ್ತು ನಿಮಿಷದ ಕೆಲಸ. ವೈಫೈ ಬ್ಯಾಕಪ್ಪಿನ ಗುಣ ಅದರ ವೇಗದಲ್ಲಿಲ್ಲ, ಯಾರೂ ನೆನಪಿಟ್ಟುಕೊಳ್ಳಬೇಕಿಲ್ಲ ಎಂಬುದರಲ್ಲಿದೆ. ‘ಭಾನುವಾರ ಡಿಸ್ಕ್ ಸಿಕ್ಕಿಸಿ ಮಾಡ್ತೇನೆ’ ಎಂದವರ ಮನೆಯಲ್ಲಿ ಆರು ತಿಂಗಳ ಹಳೇ ಪ್ರತಿ ಮಾತ್ರ ಇರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಇನ್ನು ಡಿಸ್ಕ್ ಕಾಣದ ವಿಷಯ. ಹಳೇ ರೌಟರುಗಳು ಫೈಲ್ ಹಂಚಲು ಎಸ್‌ಎಂಬಿ1 ಎಂಬ ಹಳೇ ಪದ್ಧತಿಯನ್ನು ಬಳಸುತ್ತವೆ. 2017ರ ಮೇ ತಿಂಗಳಲ್ಲಿ ಜಗತ್ತಿನ ತುಂಬ ಕಂಪ್ಯೂಟರುಗಳ ಫೈಲಿಗೆ ಬೀಗ ಹಾಕಿದ ವನ್ನಾಕ್ರೈ ವೈರಸ್ ಹರಡಿದ್ದು ಇದರೊಳಗಿನ ಒಂದು ಬಿರುಕಿನಿಂದ. ಅದೇ ವರ್ಷದ ಕೊನೆಯಿಂದ ಹೊಸದಾಗಿ ಹಾಕಿದ ವಿಂಡೋಸ್ 10ರಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಡುವುದನ್ನು ನಿಲ್ಲಿಸುತ್ತಾ ಬಂತು. ನಿಮ್ಮ ಹೊಸ ಲ್ಯಾಪ್‌ಟಾಪ್ ರೌಟರಿನ ಭಾಷೆಯನ್ನು ಮಾತಾಡಲು ಒಪ್ಪುತ್ತಿಲ್ಲ, ಅಷ್ಟೆ. ಎಸ್‌ಎಂಬಿ1 ಮತ್ತೆ ಆನ್ ಮಾಡುವ ಉಪಾಯ ಹೇಳುವವರು ಸಿಗುತ್ತಾರೆ. ದಯವಿಟ್ಟು ಮಾಡಬೇಡಿ. ಮೊದಲು ರೌಟರಿನ ಸೆಟ್ಟಿಂಗಿನಲ್ಲಿ ಎಸ್‌ಎಂಬಿ2 ಆಯ್ಕೆ ಇದೆಯಾ ನೋಡಿ. ಕೆಲವು ರೌಟರುಗಳಿಗೆ ಫರ್ಮ್‌ವೇರ್ (ಅದರೊಳಗಿನ ತಂತ್ರಾಂಶ) ಅಪ್‌ಡೇಟ್ ಮಾಡಿದರೆ ಅದು ಬರುತ್ತದೆ. ಇಲ್ಲದಿದ್ದರೆ ಡಿಸ್ಕನ್ನು ಡೆಸ್ಕ್‌ಟಾಪಿಗೇ ಹಾಕಿ, ಅದರಲ್ಲೊಂದು ಫೋಲ್ಡರನ್ನು ಮನೆಯ ನೆಟ್‌ವರ್ಕಿನಲ್ಲಿ ಶೇರ್ ಮಾಡಿ. ಲ್ಯಾಪ್‌ಟಾಪುಗಳು ಅಲ್ಲಿಗೆ ಬರೆಯಲಿ.

ಬರೆಯುವ ಕೆಲಸಕ್ಕೆ ವಿಂಡೋಸಿನ ಫೈಲ್ ಹಿಸ್ಟರಿ ಸಾಕು. ತಾನಾಗಿ ಗಂಟೆಗೊಮ್ಮೆ ಬದಲಾದ ಫೈಲುಗಳನ್ನು ನಕಲು ಮಾಡುತ್ತದೆ, ಹಳೇ ಪ್ರತಿಗಳನ್ನೂ ಇಟ್ಟುಕೊಳ್ಳುತ್ತದೆ. ವಿಂಡೋಸ್ 11ರಲ್ಲಿ ಅದು ಕಂಟ್ರೋಲ್ ಪ್ಯಾನೆಲ್ಲಿನ ಒಳಗೆ ಅಡಗಿದೆ. ಒಂದು ಎಚ್ಚರಿಕೆ ಇದೆ. ಅದು ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೆಸ್ಕ್‌ಟಾಪ್ ಥರದ ಜಾಗಗಳನ್ನು ಮಾತ್ರ ನೋಡುತ್ತದೆ. ನಮ್ಮಲ್ಲಿ ಹೆಚ್ಚಿನವರು ಎಲ್ಲವನ್ನೂ ಡಿ ಡ್ರೈವಿನಲ್ಲಿ ಇಡುತ್ತೇವಲ್ವಾ, ಆ ಫೋಲ್ಡರನ್ನು ನೀವೇ ಲೈಬ್ರರಿಗೆ ಸೇರಿಸಬೇಕು. ಸೇರಿಸದಿದ್ದರೆ ಬ್ಯಾಕಪ್ ನಡೆಯುತ್ತಿದೆ ಎಂದು ತೋರಿಸುತ್ತಲೇ ಇರುತ್ತದೆ, ಅಪ್ಪನ ದನಿ ಮಾತ್ರ ಅದರಲ್ಲಿ ಇರುವುದಿಲ್ಲ.

ಮೆತ್ತಿಗೆ ಸಿಗ್ನಲ್ ಚೆನ್ನಾಗಿ ಬರಬೇಕಾದರೆ ರಿಪೀಟರ್ ಕೊಳ್ಳುವ ಮೊದಲು ಕೇಬಲ್ ಎಳೆಸುವ ಯೋಚನೆ ಮಾಡಿ. 5 ಗಿಗಾಹರ್ಟ್ಸ್ ವೇಗದ್ದು, ಆದರೆ ದಪ್ಪ ಗೋಡೆ ದಾಟುವುದಿಲ್ಲ. 2.4 ದಾಟುತ್ತದೆ, ವೇಗ ಕಡಿಮೆ. ಮಳೆಯಲ್ಲಿ ಗೋಡೆ ನೀರು ಕುಡಿದಾಗ ಎರಡೂ ಇನ್ನಷ್ಟು ಸೊರಗುತ್ತವೆ. ಜಗಲಿಯಿಂದ ಮೆತ್ತಿಗೆ ಒಂದು ಕ್ಯಾಟ್6 ಕೇಬಲ್ ಎಳೆದು, ಮೇಲೆ ಇನ್ನೊಂದು ಸಣ್ಣ ವೈಫೈ ಪೆಟ್ಟಿಗೆ ಇಟ್ಟರೆ ಆ ತೊಂದರೆ ಇರುವುದಿಲ್ಲ. ಕೇಬಲ್ 100 ಮೀಟರ್ ತನಕ ಕೆಲಸ ಮಾಡುತ್ತದೆ. ಆದರೆ ಮನೆಯಿಂದ ತೋಟದ ಮನೆಗೋ ಕೊಟ್ಟಿಗೆಗೋ ಬಯಲಿನಲ್ಲಿ ತಾಮ್ರದ ಕೇಬಲ್ ಮಾತ್ರ ಎಳೆಯಬೇಡಿ. ಅಲ್ಲಿಗೆ ಲೋಹದ ತಂತಿ ಇಲ್ಲದ ಫೈಬರ್ ಹಾಕಿಸಿ. ಕಾರಣ ಮುಂದಿನ ಉತ್ತರದಲ್ಲಿದೆ.

ನಾಸ್ ಅಂದರೆ ಸದಾ ಚಾಲೂ ಇರುವ, ನೆಟ್‌ವರ್ಕಿಗೆ ಸೇರಿದ ಡಿಸ್ಕಿನ ಪೆಟ್ಟಿಗೆ. ಮೂರು ಕಂಪ್ಯೂಟರಿಗೆ ಅದು ಅನುಕೂಲವೇ. ಆದರೆ ಇರುವ ದುಡ್ಡಿನಲ್ಲಿ ಒಂದನ್ನು ಮಾತ್ರ ಮಾಡಬಹುದು ಎಂದಾದರೆ ನಾಸ್ ಬಿಡಿ, ಇನ್ನೊಂದು ಸಾದಾ ಹಾರ್ಡ್ ಡಿಸ್ಕ್ ತನ್ನಿ. ‘ಎರಡು ಡಿಸ್ಕಿನ ನಾಸ್ ಅಂದರೆ ಎರಡು ಬ್ಯಾಕಪ್’ ಎಂದು ಅಂಗಡಿಯಲ್ಲಿ ಹೇಳುವುದುಂಟು. ಅದು ಹಾಗಲ್ಲ. ಒಂದು ಡಿಸ್ಕ್ ಸತ್ತರೆ ಇನ್ನೊಂದು ಕೆಲಸ ಮಾಡುತ್ತದೆ, ನಿಜ. ಆದರೆ ನೀವು ತಪ್ಪಿ ಅಳಿಸಿದ್ದು ಎರಡರಲ್ಲೂ ಅದೇ ಕ್ಷಣ ಅಳಿಯುತ್ತದೆ.

ಪ್ರಶ್ನೆ: ಕಾರವಾರದಲ್ಲಿ ಸಮುದ್ರದ ಹತ್ತಿರವೇ ಮನೆ. ಎರಡು ಹಾರ್ಡ್ ಡಿಸ್ಕ್ ಹಾಳಾದವು. ಒಂದು ಸಿಡಿಲಿಗೆ, ಒಂದು ಕಪಾಟಿನಲ್ಲಿ ಸುಮ್ನೆ ಇಟ್ಟಲ್ಲೇ. ನಮ್ಮ ಹವೆಗೆ ಈ ವಸ್ತುಗಳು ಬಾಳಿಕೆ ಬರುವುದಿಲ್ಲವೇ?

ಬರುತ್ತವೆ, ಸ್ವಲ್ಪ ಆರೈಕೆ ಬೇಕು.

ಕಪಾಟಿನಲ್ಲಿ ಸತ್ತ ಡಿಸ್ಕಿನ ಮೂಲೆ ನೋಡಿ. ಯುಎಸ್‌ಬಿ ಕಿಂಡಿಯ ಹಲ್ಲುಗಳು ಹಸಿರು ಹಿಡಿದಿದ್ದರೆ ಉಪ್ಪು ಗಾಳಿಯ ಕೆಲಸ. ಒಳಗಿನ ತಟ್ಟೆ ಚೆನ್ನಾಗಿಯೇ ಇರಬಹುದು. ಬೇರೆ ಕೇಬಲ್ ಹಾಕಿ, ಬೇರೆ ಕಂಪ್ಯೂಟರಿನಲ್ಲಿ ಒಮ್ಮೆ ನೋಡದೆ ಎಸೆಯಬೇಡಿ. ಇನ್ನು ಮುಂದೆ ಡಿಸ್ಕನ್ನು ಬಿಗಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಹಪ್ಪಳದ ಡಬ್ಬ ಮಳೆಗಾಲದಲ್ಲಿ ಹೇಗೆ ಕಾಪಾಡುತ್ತೇವೋ ಹಾಗೆ. ಜೆಲ್ಲಿನ ಬಣ್ಣ ಬದಲಾದರೆ ಪೊಟ್ಟಣ ಬದಲಿಸಿ. ಒಂದೆರಡು ತಿಂಗಳಿಗೊಮ್ಮೆ ತೆಗೆದು ಅರ್ಧ ಗಂಟೆ ಓಡಿಸಿ. ಏಸಿ ಕೋಣೆಯಿಂದ ಹೊರಗೆ ತಂದ ಡಿಸ್ಕನ್ನು ತಕ್ಷಣ ಚಾಲೂ ಮಾಡಬೇಡಿ, ಅದರ ಮೈಮೇಲೆ ನೀರು ಕೂತಿರುತ್ತದೆ.

ಸಿಡಿಲಿನ ವಿಷಯದಲ್ಲಿ ವೈಫೈಗೆ ಒಂದು ದೊಡ್ಡ ಗುಣ ಇದೆ. ಅದನ್ನು ಜನ ಹೇಳುವುದು ಕಡಿಮೆ. ಕೆಲವು ವರ್ಷದ ಹಿಂದೆ ಒಂದು ಮೇ ತಿಂಗಳ ಸಂಜೆ, ನಮ್ಮ ಮನೆಯ ಟೆಲಿಫೋನ್ ತಂತಿಯಲ್ಲಿ ಬಂದ ಹೊಡೆತ ಮೋಡೆಮ್ ಸುಟ್ಟಿತು. ಅಲ್ಲಿಂದ ನೆಟ್‌ವರ್ಕ್ ಕೇಬಲ್ ಹಿಡಿದು ಡೆಸ್ಕ್‌ಟಾಪಿನ ಬೋರ್ಡಿಗೂ ಹೋಯಿತು. ಅದೇ ಮೇಜಿನ ಮೇಲೆ, ಬ್ಯಾಟರಿಯಲ್ಲಿ, ವೈಫೈ ಮೇಲಿದ್ದ ಲ್ಯಾಪ್‌ಟಾಪಿಗೆ ಏನೂ ಆಗಲಿಲ್ಲ. ಹೊಡೆತಕ್ಕೆ ನಡೆಯಲು ಲೋಹದ ತಂತಿ ಬೇಕು. ಈಗಿನ ಫೈಬರಿನ ಗಾಜಿನಲ್ಲಿ ಅದು ಬರುವುದಿಲ್ಲ. ಆದರೆ ಕೆಲವು ಫೈಬರ್ ಕೇಬಲ್‌ಗೆ ಬಲ ಬರಲು ಉಕ್ಕಿನ ತಂತಿ ಸೇರಿಸಿರುತ್ತಾರೆ. ರೌಟರಿನ ಅಡಾಪ್ಟರಿಗೆ ಕರೆಂಟಿನ ತಂತಿ ಇದ್ದೇ ಇದೆ. ಗುಡುಗು ಕೇಳಿಸಿದ ಕೂಡಲೇ ಪ್ಲಗ್ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಸಿಡಿಲಿಗೆ ಸ್ವಿಚ್ಚಿನೊಳಗಿನ ಅಂತರ ಯಾವ ಲೆಕ್ಕವೂ ಅಲ್ಲ.

ಸರ್ಜ್ ಪ್ರೊಟೆಕ್ಟರ್ ಹಾಕಿಸಿದ್ದರೆ ಅರ್ಥಿಂಗ್ ನೋಡಿಸಿ. ಅರ್ಥಿಂಗ್ ಸರಿ ಇಲ್ಲದ ಮನೆಯಲ್ಲಿ ಅದರಿಂದ ಆಗುವ ಪ್ರಯೋಜನ ಕಡಿಮೆ. ನಮ್ಮ ಕೆಂಪು ಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಬಿರುಸಾಗಿರುತ್ತದೆ. ಮಳೆಗೆ ಮುಂಚಿನ ಸಿಡಿಲು ಬರುವುದೂ ಸರಿಯಾಗಿ ಅದೇ ಹೊತ್ತಿಗೆ. ಏಪ್ರಿಲ್‌, ಮೇನಲ್ಲಿ ವಾರಕ್ಕೆರಡು ಕೊಡ ನೀರನ್ನು ಅರ್ಥಿಂಗ್ ಗುಂಡಿಗೆ ಹೊಯ್ಯಿರಿ. ಇಷ್ಟಾದರೂ ಮನೆಗೇ ಬಡಿದ ಸಿಡಿಲನ್ನು ಯಾವ ಪೆಟ್ಟಿಗೆಯೂ ತಡೆಯುವುದಿಲ್ಲ.

ಮತ್ತೆ, ಬರೆಯುತ್ತಿರುವಾಗ ಕರೆಂಟ್ ಹೋದರೆ ಯಾವ ಫೈಲ್ ಎಲ್ಲಿದೆ ಎಂಬ ಡಿಸ್ಕಿನ ಪಟ್ಟಿಯೇ ಕೆಡಬಹುದು. ಎಕ್ಸ್‌ಫ್ಯಾಟ್‌ನಲ್ಲಿ ಫಾರ್ಮ್ಯಾಟ್ ಆದ ಡಿಸ್ಕಿಗೆ ಈ ಭಯ ಜಾಸ್ತಿ. ಬ್ಯಾಕಪ್ ಡಿಸ್ಕನ್ನು ಎನ್‌ಟಿಎಫ್‌ಎಸ್‌ನಲ್ಲಿ ಫಾರ್ಮ್ಯಾಟ್ ಮಾಡಿ. ಏನು ಬರೆಯಲಿದ್ದೇನೆ ಎಂದು ಮೊದಲೇ ಗುರುತು ಹಾಕಿಕೊಳ್ಳುವ ಪದ್ಧತಿ ಅದರಲ್ಲಿದೆ. ರೌಟರಿಗೆ ಒಂದು ಸಣ್ಣ 12 ವೋಲ್ಟ್ ಯುಪಿಎಸ್ ಇಟ್ಟರೆ ಇನ್ನೂ ಒಳ್ಳೆಯದು.

ಪ್ರಶ್ನೆ: ಕುಮಟಾದವಳು. ಮನೆಯಲ್ಲೇ ಎರಡು ಪ್ರತಿ ಇದೆ. ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ‘ಕ್ಲೌಡಿಗೆ ಹಾಕು ಅಮ್ಮ’ ಎನ್ನುತ್ತಾರೆ. ತಿಂಗಳು ತಿಂಗಳು ದುಡ್ಡು ಕಟ್ಟುವುದು ಬೇಕೇ?

ಮನೆಯಿಂದ ಹೊರಗೆ ಒಂದು ಪ್ರತಿ ಬೇಕೇ ಬೇಕು. ಅದು ಕ್ಲೌಡೇ ಆಗಬೇಕೆಂದಿಲ್ಲ.

2019ರ ಆಗಸ್ಟಿನಲ್ಲಿ ಕಾಳಿ, ಗಂಗಾವಳಿ ಎರಡೂ ಉಕ್ಕಿದ್ದು ನಿಮಗೆ ನೆನಪಿರಬಹುದು. ನೀರು ಹೊಕ್ಕ ಮನೆಯಲ್ಲಿ ಕಂಪ್ಯೂಟರೂ ಅದರ ಪಕ್ಕದ ಬ್ಯಾಕಪ್ಪೂ ಒಂದೇ ಕೆಸರಿನಲ್ಲಿರುತ್ತವೆ. ಪೀಟರ್ ಕ್ರೋಗ್ ಎಂಬ ಅಮೆರಿಕದ ಛಾಯಾಗ್ರಾಹಕರು ಜನಪ್ರಿಯಗೊಳಿಸಿದ ಒಂದು ಲೆಕ್ಕ ಇದೆ. ಮೂರು ಪ್ರತಿ, ಎರಡು ಬೇರೆ ಥರದ ಸಾಧನ, ಅದರಲ್ಲಿ ಒಂದು ಬೇರೆ ಜಾಗದಲ್ಲಿ. ನನಗೆ ಆ ಮೂರನೆಯದೇ ಮುಖ್ಯ.

ನಿಮ್ಮ ಮಕ್ಕಳು ಚೌತಿಗೂ ದೀಪಾವಳಿಗೂ ಊರಿಗೆ ಬರುತ್ತಾರಲ್ಲ, ಅದನ್ನೇ ಬಳಸಿಕೊಳ್ಳಿ. ಎರಡು ಒಂದೇ ಅಳತೆಯ ಡಿಸ್ಕ್ ಇರಲಿ. ಚೌತಿಗೆ ಬಂದವರು ಚಕ್ಕುಲಿ ಡಬ್ಬದ ಜೊತೆ ಒಂದನ್ನು ಒಯ್ಯಲಿ. ದೀಪಾವಳಿಗೆ ಬರುವಾಗ ಅದನ್ನು ತಂದು, ಹೊಸದಾಗಿ ತುಂಬಿದ ಇನ್ನೊಂದನ್ನು ಒಯ್ಯಲಿ. ಬಸ್ಸಿನಲ್ಲಿ ಕಳೆದುಹೋದರೆ ಬೇರೆಯವರು ನೋಡಬಾರದಲ್ವಾ, ಅದಕ್ಕೆ ವೆರಾಕ್ರಿಪ್ಟ್ ಎಂಬ ಉಚಿತ ತಂತ್ರಾಂಶದಿಂದ ಬೀಗ ಹಾಕಿ. ಪಾಸ್‌ವರ್ಡನ್ನು ಮಕ್ಕಳಿಗೂ ಹೇಳಿಡಿ, ಮರೆತರೆ ತೆರೆಯುವ ದಾರಿ ಇಲ್ಲ.

ಕ್ಲೌಡಿನಲ್ಲಿ ಸಣ್ಣದನ್ನಷ್ಟೇ ಇಡಿ. ಗೂಗಲ್ ಬಿಟ್ಟಿಯಾಗಿ ಕೊಡುವುದು 15 ಜಿಬಿ. ಪಹಣಿಯ ಪ್ರತಿ ಅಲ್ಲಿ ತುಂಬಬೇಕಿಲ್ಲ, ಅದು ಭೂಮಿ ತಾಣದಲ್ಲಿ ಮತ್ತೆ ಸಿಗುತ್ತದೆ. ಅಜ್ಜಿಯ ಫೋಟೋ ಎಲ್ಲೂ ಸಿಗುವುದಿಲ್ಲ. ಒಂದು ಮಾತು: ಕ್ಲೌಡ್ ಸಿಂಕ್ ಬೇರೆ, ಬ್ಯಾಕಪ್ ಬೇರೆ. ಸಿಂಕ್‌ನಲ್ಲಿ ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ.

ಪ್ರಶ್ನೆ: ಹೊನ್ನಾವರದಲ್ಲಿರುವ ಹಳೇ ಲ್ಯಾಪ್‌ಟಾಪನ್ನೇ ನಾಸ್ ಮಾಡಿ, ಹುಬ್ಬಳ್ಳಿಯಲ್ಲಿ ಕೆಲಸದಲ್ಲಿರುವಾಗ ಅಲ್ಲಿಂದಲೇ ಫೈಲ್ ತೆಗೆಯಬೇಕು ಅಂತಿದೆ. ರೌಟರಿನಲ್ಲಿ ಪೋರ್ಟ್ ತೆರೆಯುವುದು ಹೇಗೆ?

ಲ್ಯಾಪ್‌ಟಾಪ್ ಯೋಚನೆ ಚೆನ್ನಾಗಿದೆ. ಅದರ ಬ್ಯಾಟರಿಯೇ ಅದಕ್ಕೆ ಯುಪಿಎಸ್. ಕಂಪ್ಯೂಟರನ್ನು ನಾಸ್ ಆಗಿಸುವ ಓಪನ್‌ಮೀಡಿಯಾವಾಲ್ಟ್ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಹಳೇ ಯಂತ್ರದಲ್ಲೂ ಓಡುತ್ತದೆ. ಬ್ಯಾಟರಿ ಉಬ್ಬಿದ್ದರೆ ಮಾತ್ರ ಅದನ್ನು ತೆಗೆಸಿಬಿಡಿ, ಹಗಲು ರಾತ್ರಿ ಚಾರ್ಜಿನಲ್ಲಿ ಬಿಡಬೇಡಿ. ರೌಟರಿಗೆ ಕೇಬಲ್‌ನಿಂದಲೇ ಜೋಡಿಸಿ, ಬೇರೆ ಲ್ಯಾಪ್‌ಟಾಪುಗಳು ವೈಫೈನಲ್ಲಿ ಬರಲಿ.

ಪೋರ್ಟ್ ತೆರೆಯುವುದನ್ನು, ಅಂದರೆ ಇಂಟರ್ನೆಟ್ಟಿನಿಂದ ನೇರ ಒಳಬರಲು ರೌಟರಿನಲ್ಲಿ ಬಾಗಿಲು ಬಿಡುವುದನ್ನು, ನಾನು ಹೇಳಿಕೊಡುವುದಿಲ್ಲ. 2021ರ ಜೂನ್‌ನಲ್ಲಿ ವೆಸ್ಟರ್ನ್ ಡಿಜಿಟಲ್‌ನ ಮೈ ಬುಕ್ ಲೈವ್ ಡಿಸ್ಕುಗಳನ್ನು ಇಂಟರ್ನೆಟ್ಟಿಗೆ ತೆರೆದಿಟ್ಟಿದ್ದ ಜನರು ಬೆಳಗ್ಗೆ ಎದ್ದು ನೋಡಿದಾಗ ಒಳಗೆ ಏನೂ ಉಳಿದಿರಲಿಲ್ಲ. ಎಲ್ಲಿಂದಲೋ ಯಾರೋ ಬಿರುಕು ಹುಡುಕಿ ಅಳಿಸಿದ್ದರು. ಆ ಡಿಸ್ಕುಗಳಿಗೆ 2015ರ ನಂತರ ಅಪ್‌ಡೇಟೇ ಬಂದಿರಲಿಲ್ಲ. ನೀವು ಟೇಲ್‌ಸ್ಕೇಲ್ ಎಂಬ ತಂತ್ರಾಂಶ ಹಾಕಿಕೊಳ್ಳಿ. ಮನೆಯ ಯಂತ್ರಕ್ಕೂ ನಿಮ್ಮ ಫೋನಿಗೂ ಅದನ್ನು ಸೇರಿಸಿದರೆ ಎರಡರ ನಡುವೆ ಗುಪ್ತ ದಾರಿಯೊಂದು ಏರ್ಪಡುತ್ತದೆ. ರೌಟರಿನಲ್ಲಿ ಏನೂ ತೆರೆಯಬೇಕಿಲ್ಲ. ಎಷ್ಟೋ ಫೈಬರ್ ಸಂಪರ್ಕಗಳಲ್ಲಿ ಹಲವು ಮನೆಗೆ ಒಂದೇ ಹೊರಗಿನ ವಿಳಾಸ ಇರುವುದರಿಂದ ಪೋರ್ಟ್ ತೆರೆದರೂ ಅದು ನಡೆಯುವುದಿಲ್ಲ.

ಎಲ್ಲಾ ಹಾಕಿದ ಮೇಲೆ ಹುಬ್ಬಳ್ಳಿಗೆ ಹೊರಡುವ ಮುಂಚೆ ವೈಫೈ ಆರಿಸಿ, ಫೋನಿನ ಮೊಬೈಲ್ ಡೇಟಾದಲ್ಲಿ ಒಂದು ಫೈಲ್ ತೆರೆದು ನೋಡಿ. ಫೋಟೋದ ಹೆಸರು ಕಂಡರೆ ಸಾಲದು, ಫೋಟೋ ಪೂರ್ತಿ ತೆರೆಯಬೇಕು.