ಅಕ್ಕನ ಗಡ್ಡೆಗೆ ಜೀನ್ ಟೆಸ್ಟ್ ಯಾಕೆ?

ಪ್ರಶ್ನೆ: ನಮ್ಮಕ್ಕನಿಗೆ 56 ವರ್ಷ. ಮೈಸೂರಿನಲ್ಲಿ ಸ್ತನ ಕ್ಯಾನ್ಸರ್ ಆಪರೇಷನ್ ಆಯ್ತು. ಕಂಕುಳಿನ ಗಂಟುಗಳಿಗೆ ಹರಡಿಲ್ಲವಂತೆ. ಈಗ ಡಾಕ್ಟರು, ತೆಗೆದ ಗಡ್ಡೆಯನ್ನು ಜೀನ್ ಟೆಸ್ಟಿಗೆ ಕಳಿಸಿ ಆಮೇಲೆ ಕೀಮೋ ಬೇಕಾ ಬೇಡ್ವಾ ನೋಡೋಣ ಅಂತಿದ್ದಾರೆ. ಅಂದ್ರೆ ಇದು ವಂಶದಲ್ಲೇ ಬಂದಿರುವ ಕಾಯಿಲೆನಾ? ನನಗೆ ಇಬ್ಬರು ಹೆಣ್ಣುಮಕ್ಕಳು, ನಿದ್ದೆ ಬರ್ತಿಲ್ಲ.
– ಓದುಗಿ, ಮದ್ದೂರು

ಉತ್ತರ: ಮೊದಲು ನಿದ್ದೆ ಮಾಡಿ ತಾಯಿ. ಡಾಕ್ಟರು ಹೇಳಿದ ಟೆಸ್ಟಿಗೂ ನಿಮ್ಮ ಮಕ್ಕಳಿಗೂ ಸಂಬಂಧ ಇಲ್ಲ. ವಂಶದಿಂದ ಬಂದಿದೆಯಾ ಅಂತ ನೋಡೋದು ಬಿಆರ್‌ಸಿಎ ಟೆಸ್ಟ್. ಅದಕ್ಕೆ ರಕ್ತವೋ ಎಂಜಲೋ ಸಾಕು. ಮನೆತನದಲ್ಲಿ ಇನ್ನೂ ಯಾರಿಗಾದರೂ ಸ್ತನದ ಅಥವಾ ಅಂಡಾಶಯದ ಕ್ಯಾನ್ಸರ್ ಬಂದಿದ್ದರೆ ಅದನ್ನು ಬೇರೆಯಾಗಿಯೇ ಕೇಳಿ.

ಇದು ಜೀನ್ ಎಕ್ಸ್‌ಪ್ರೆಷನ್ ಟೆಸ್ಟ್. ನಮ್ಮ ಜೀವಕೋಶದಲ್ಲಿ ಸುಮಾರು 20,000 ಜೀನ್‌ಗಳಿವೆ, ಎಲ್ಲವೂ ಒಟ್ಟಿಗೆ ಕೆಲಸ ಮಾಡಲ್ಲ. ನಾಲೆಗೆ ಎಷ್ಟು ತೂಬು ಇದೆ ಅಂತ ಎಣಿಸೋದು ಬೇರೆ, ಇವತ್ತು ಯಾವ ತೂಬಿನಲ್ಲಿ ಎಷ್ಟು ನೀರು ಹೋಗ್ತಿದೆ ಅಂತ ನೋಡೋದು ಬೇರೆ, ಮಂಡ್ಯದವರಿಗೆ ಇದನ್ನು ಹೇಳಿಕೊಡಬೇಕಾ! ಕೆಲಸಕ್ಕಿಳಿದ ಜೀನ್ ತನ್ನ ನಕಲನ್ನು ಆರ್‌ಎನ್‌ಎ ರೂಪದಲ್ಲಿ ತಯಾರಿಸುತ್ತೆ. ಅದನ್ನು ಅಳೆದರೆ ಗಡ್ಡೆ ಎಷ್ಟು ಜೋರಿನದು ಅಂತ ಅಂದಾಜು ಸಿಗುತ್ತೆ.

ಇದು ನಿನ್ನೆ ಮೊನ್ನೆಯ ಮಾತಲ್ಲ. 1999ರಲ್ಲೇ ಅಮೆರಿಕದ ಟಾಡ್ ಗೊಲುಬ್ ತಂಡ 38 ರಕ್ತ ಕ್ಯಾನ್ಸರ್ ರೋಗಿಗಳ ಮಜ್ಜೆಯಲ್ಲಿ 6,817 ಜೀನ್‌ಗಳನ್ನು ಒಟ್ಟಿಗೆ ಅಳೆದು, ಬರೀ ಆ ಲೆಕ್ಕದಿಂದಲೇ ಎರಡು ಬಗೆಯ ಲ್ಯುಕೇಮಿಯಾವನ್ನು ಬೇರ್ಪಡಿಸಿ ತೋರಿಸಿತ್ತು. ಆಮೇಲೆ ಸ್ತನ ಕ್ಯಾನ್ಸರಿಗೆ ಬಂದ ಆಂಕೊಟೈಪ್ ಡಿಎಕ್ಸ್ ಅನ್ನೋ ಟೆಸ್ಟ್ ನೋಡೋದು ಬರೀ 21 ಜೀನ್. ಅದರಲ್ಲೂ 5 ಹೋಲಿಕೆಗೆ ಅಂತ ಇಟ್ಟುಕೊಂಡವು. ಕೊನೆಗೆ ಸಿಗೋದು 0ಯಿಂದ 100ರೊಳಗಿನ ಒಂದು ಅಂಕ. ಇಲ್ಲಿ ಅಂಕ ಕಮ್ಮಿ ಬಂದಷ್ಟೂ ಒಳ್ಳೆಯದು.

ಅಕ್ಕನಿಗೆ ಉಪಯೋಗ ಆಗೋದು ಇಲ್ಲಿ. 2018ರಲ್ಲಿ ಟೇಲರ್‌ಎಕ್ಸ್ ಅಧ್ಯಯನದ ಫಲಿತಾಂಶ ಬಂತು. ಅದರಲ್ಲಿ 10,000ಕ್ಕೂ ಹೆಚ್ಚು ಹೆಂಗಸರಿದ್ದರು. 50 ದಾಟಿದವರಲ್ಲಿ, ಗಂಟಿಗೆ ಹರಡದೆ, ಅಂಕ 25ರವರೆಗೆ ಇದ್ದರೆ ಹಾರ್ಮೋನ್ ಮಾತ್ರೆಯೇ ಸಾಕು, ಕೀಮೋದಿಂದ ಹೆಚ್ಚಿನ ಲಾಭ ಇಲ್ಲ ಅಂತ ಗೊತ್ತಾಯ್ತು. ಕೂದಲು, ವಾಂತಿ, ಸುಸ್ತು, ಅಷ್ಟೆಲ್ಲ ತಪ್ಪುತ್ತೆ ಅಂದ್ರೆ ಸುಮ್ನೆ ಅಲ್ಲ.

ಆದರೆ ಹಣ ಕಟ್ಟುವ ಮುಂಚೆ ಬಯಾಪ್ಸಿ ರಿಪೋರ್ಟ್ ತೆಗೆದು ನೋಡಿ. ಈಆರ್ ಪಾಸಿಟಿವ್ (ಈಸ್ಟ್ರೊಜೆನ್ ಹಾರ್ಮೋನಿಗೆ ಸ್ಪಂದಿಸುವ ಗಡ್ಡೆ), ಹರ್‌-ಟೂ ನೆಗೆಟಿವ್ (ಆ ಹೆಸರಿನ ಪ್ರೋಟೀನ್ ಹೆಚ್ಚಾಗಿಲ್ಲದ ಗಡ್ಡೆ) ಅಂತ ಇದ್ದರೆ ಮಾತ್ರ ಈ ಟೆಸ್ಟಿಗೆ ಅರ್ಥ. ಖರ್ಚು ಲಕ್ಷದ ಲೆಕ್ಕದಲ್ಲಿದೆ, ಅಂಕ ಏನೇ ಬಂದರೂ ಕೀಮೋ ಕೊಡೋದೇ ಅಂತಿದ್ದರೆ ಮಾಡಿಸೋದು ದಂಡ. ಅದನ್ನು ಡಾಕ್ಟರನ್ನೇ ನೇರವಾಗಿ ಕೇಳಿ, ಸಂಕೋಚ ಬೇಡ.

ಅಂದಹಾಗೆ, ಅಕ್ಕನಿಗೆ ಮತ್ತೆ ಸೂಜಿ ಚುಚ್ಚಲ್ಲ. ಆಪರೇಷನ್ನಿನಲ್ಲಿ ತೆಗೆದ ಗಡ್ಡೆಯ ತುಣುಕನ್ನು ಫಾರ್ಮಲಿನ್‌ನಲ್ಲಿ ಅದ್ದಿ, ಮೇಣದಲ್ಲಿ ಹುದುಗಿಸಿ, ಚಿಕ್ಕ ಪ್ಲಾಸ್ಟಿಕ್ ಚೌಕದ ಮೇಲೆ ಕೂರಿಸಿ ಲ್ಯಾಬಿನಲ್ಲಿ ಇಟ್ಟಿರ್ತಾರೆ. ಅದಕ್ಕೆ ಬ್ಲಾಕ್ ಅಂತಾರೆ. ಅದರಿಂದ ಕೂದಲಿಗಿಂತ ತೆಳ್ಳಗೆ ಕೊಯ್ದ ಚೂರುಗಳೇ ಈ ಟೆಸ್ಟಿಗೆ ಸಾಕು. ಬ್ಲಾಕ್ ನಂಬರ್ ರಿಪೋರ್ಟಿನಲ್ಲೇ ಇರುತ್ತೆ, ಬರೆದಿಟ್ಟುಕೊಳ್ಳಿ.